ಧೂಪದ ಮರದ ಬಿಳಿ ಪಟ್ಟಿ

"ಆ ಮರಕ್ಕೆ ಕೈ ಹಚ್ಚಿದ್ರೆ ಜೋಕೆ!"

ಹಿಂದಿನಿಂದ ಬಂದ ದನಿಗೆ ಷಡಕ್ಷರಿಯ ಕೈಯಲ್ಲಿದ್ದ ಬ್ರಷ್ ಕೆಳಗೆ ಬಿತ್ತು. ತಿರುಗಿ ನೋಡಿದರೆ, ಸೊಂಟದ ಮೇಲೆ ಕೊಡ ಹೊತ್ತ ಹುಡುಗಿ. ಕಣ್ಣಲ್ಲಿ ಕೆಂಡ!

ಅವನು ನರಸಿಂಹರಾಜಪುರದ ಕಡೆಯ ಈ ಕಾಡಿಗೆ ಹೊಸದಾಗಿ ಬಂದ ಗಾರ್ಡು. ಅವಳು ಕೆಳಗಿನ ಊರಿನ ರೇಣುಕಪ್ಪನವರ ಮಗಳು ನೀಲಾಂಬಿಕೆ. ಅದು ಎಂಬತ್ತನಾಲ್ಕನೇ ಇಸವಿ. ಎದುರಿನ ಗುಡ್ಡವನ್ನು ಕಂಟ್ರಾಕ್ಟರ ಆಳುಗಳು ಬೋಳಿಸಿದ ವರ್ಷವೇ ಅಲ್ಲಿನ ಒರತೆ ಬತ್ತಿತ್ತು. ಊರಿಗೆ ಉಳಿದದ್ದು ಈ ಧೂಪದ ಮರದ ಬುಡದ ಒರತೆಯೊಂದೇ.

ಅಲ್ಲೂ ಕಡಿಯುವ ಮುಂಚೆ ಮರಗಳಿಗೆ ಗುರುತು ಹಾಕಿದ್ದರು. ಈಗ ಇದರ ಮೈಗೂ ಬಿಳಿ ಪಟ್ಟಿ!

"ಇದನ್ನೂ ಕಡೀತೀರಾ? ನಾವೆಂತ ಕುಡಿಯೋದು, ನಿಮ್ಮ ಬಣ್ಣವನ್ನಾ?"

"ಅಲ್ಲ ಮಾರಾಯ್ರೆ... ಇದು..."

ಚೆಂದದ ಹುಡುಗಿ ಬೈಯುವಾಗ ಬಾಯಿ ಕಟ್ಟದ ಗಂಡು ಎಲ್ಲಿದ್ದಾನೆ? ಷಡಕ್ಷರಿಗೆ ಮಾತು ಹೊರಡುವಷ್ಟರಲ್ಲಿ ಅವಳು ದಡದಡ ಇಳಿದು ಹೋಗಿದ್ದಳು.

ಸಂಜೆ ಕತ್ತಿ ಹಿಡಿದು ಬಂದ ನೀಲಾಂಬಿಕೆ ಪಟ್ಟಿಯನ್ನೆಲ್ಲ ಕೆರೆದು ಹಾಕಿದಳು.

'ಈಗ ಹೆಂಗೆ ಕಡೀತಾರೋ ನೋಡ್ತೀನಿ!'

ಬೆಳಿಗ್ಗೆ ಒರತೆಯ ಕಡೆಯಿಂದ ಅವಳಿಗೆ ಕೊಡಲಿಯ ಸದ್ದು ಕೇಳಿಸಿತು. ಓಡಿ ಬಂದಾಗ ಮೊದಲ ಏಟು ಬಿದ್ದಾಗಿತ್ತು. ಗಾಯದಿಂದ ಅಂಟು ಒಸರುತ್ತಿತ್ತು.

"ನಿಲ್ಸಿ! ಪಟ್ಟಿ ಇಲ್ಲದ ಮರ ಯಾಕೆ ಕಡೀತೀರಿ?"

"ಪಟ್ಟಿ ಇರೋದು ಬೀಜಕ್ಕೆ ಬಿಡೋ ಮರ ತಾಯಿ, ಮುಟ್ಟಬಾರ್ದು," ಎಂದರು ಕಂಟ್ರಾಕ್ಟರ ಮೇಸ್ತ್ರಿ ಮಾರಪ್ಪ. "ಇಲ್ಲದ್ದನ್ನೇ ಕಡಿಯೋದು."

'ಅಯ್ಯೋ... ಅವರು ಉಳಿಸೋಕೆ ಬಳಿದಿದ್ರು! ನಾನೇ ಕೊಡಲಿಗೆ ಕೊಟ್ಟೆ!'

ನೀಲಾಂಬಿಕೆ ಧಾವಿಸಿ ಮರವನ್ನು ತಬ್ಬಿಕೊಂಡಳು.

ತೊಗಟೆಗೆ ಕೆನ್ನೆ ಒತ್ತಿ ತಲೆ ಎತ್ತಿದಳು. ದಿನಾ ನೀರಿಗೆ ಬರುತ್ತಿದ್ದರೂ ಹೀಗೆ ನೋಡಿಯೇ ಇರಲಿಲ್ಲ! ಕಾಂಡ ಏರುತ್ತಲೇ ಇತ್ತು... ಕಣ್ಣು ಸೋತರೂ ಮರ ಮುಗಿಯಲಿಲ್ಲ. ಕೊಂಬೆಗಳ ಅಡಿಯಲ್ಲಿ ಹೆಜ್ಜೇನು ತೂಗುತ್ತಿತ್ತು. ಮಣ್ಣು ಮೆತ್ತಿದ ಪೊಟರೆಯೊಳಗೆ ಮೊಟ್ಟೆಗೆ ಕೂತ ಹೆಣ್ಣಿಗೆ ಗಂಡು ಮಂಗಟ್ಟೆ ಹಕ್ಕಿ ಸಣ್ಣ ಸಂದಿಯಿಂದ ಹಣ್ಣು ತಿನ್ನಿಸುತ್ತಿತ್ತು. ಅವಳ ಮೈ ಜುಮ್ಮೆಂದಿತು. 'ದೇವರೇ, ಎಷ್ಟೊಂದು ಮನೆ ಒಂದೇ ಮರದಲ್ಲಿ!'

ಆಗ ಮರದ ಆಚೆ ಬದಿಯಿಂದ ಇನ್ನೆರಡು ತೋಳುಗಳು ಚಾಚಿಕೊಂಡವು. ಷಡಕ್ಷರಿ! ಓಡಿ ಬಂದು ಏದುಸಿರು ಬಿಡುತ್ತಿದ್ದ.

"ಮಾರಪ್ಪಣ್ಣ, ಇದು ಬೀಜದ ಮರ. ನಾನೇ ಪಟ್ಟಿ ಬಳಿದಿದ್ದೆ."

"ಮತ್ತೆ ಎಲ್ಲೋಯ್ತು ಅದು?"

ಷಡಕ್ಷರಿ ಇಣುಕಿದ. ನೀಲಾಂಬಿಕೆಯ ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಬಣ್ಣ...

"ಮಳೆಗೆ ಹೋಗಿರ್ಬೇಕು," ಎಂದ.

ಮಾರಪ್ಪ ಸುಡುವ ಬೇಸಿಗೆಯ ಆಕಾಶ ನೋಡಿದರು. ಅವಳ ಕೈ ನೋಡಿದರು. ನಗುತ್ತಾ ಕೊಡಲಿ ಹೆಗಲಿಗೇರಿಸಿ, "ಭಾರಿ ಮಳೆ ಬಿಡಪ್ಪ!" ಎಂದು ಆಳುಗಳೊಂದಿಗೆ ಹೊರಟರು.

ನೀಲಾಂಬಿಕೆಯ ಕಣ್ಣು ತುಂಬಿತು. "ನಿನ್ನೆ ಯಾಕೆ ಹೇಳ್ಲಿಲ್ಲ?"

"ನಿಮ್ಮನ್ನ ನೋಡ್ತಾ... ಮಾತೇ ಮರ್ತುಹೋಯ್ತು."

ಅವಳ ಕೆನ್ನೆ ಕೆಂಪಾಯಿತು. ಅವನು ಬಣ್ಣದ ಡಬ್ಬಿ ಹಿಡಿದ. ಅವಳು ಮರ ಸುತ್ತುತ್ತಾ ಪಟ್ಟಿ ಬಳಿದಳು. ಮೇಲೆ ಮಂಗಟ್ಟೆ ರೆಕ್ಕೆ ಬಡಿದು ಹೋದಾಗ ಇಬ್ಬರೂ ಕೆಲಸ ಮರೆತು ನೋಡಿದರು.

"ವರ್ಷಾ ವರ್ಷಾ ಬಳೀಬೇಕು ಇದನ್ನ," ಎಂದ ಷಡಕ್ಷರಿ ಮೆಲ್ಲಗೆ. "ಮಳೆ ಬಂದ್ರೆ ಮಾಸುತ್ತೆ. ಒಬ್ಬನಿಂದ ಆಗೋ ಕೆಲ್ಸ ಅಲ್ಲ... ನೀವು ಜೊತೆಗಿರ್ತೀರಾ? ಯಾವಾಗ್ಲೂ?"

ಅವಳು ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿದಳು.

"ಅದನ್ನ ನಮ್ಮಪ್ಪನ್ನ ಬಂದು ಕೇಳಿ," ಎಂದಳು. "ಅಲ್ಲಿ ಮಾತ್ರ ಮಾತು ಮರೀಬೇಡಿ ಮತ್ತೆ!"