‘ಆಯ್ತು’ ಎನ್ನುವ ಗಂಡ

“ಸಾಕು, ದಾರಿ ಬಿಡಿ!”

ಈ ಮಾತು ಪೂವಮ್ಮನ ನಾಲಿಗೆಯ ತುದಿಗೆ ಬಂದು ಕುಳಿತು ಬಹಳ ಹೊತ್ತಾಗಿತ್ತು. ಆದರೆ ಮದುಮಗಳು ಆ ಹೊತ್ತಿನಲ್ಲಿ ಮಾತಾಡುವಂತಿಲ್ಲ.

ತಲೆಯ ಮೇಲೆ ಬಾವಿಯಿಂದ ತುಂಬಿ ತಂದ ನೀರಿನ ಬಿಂದಿಗೆ. ಎದುರಿಗೆ ಗಂಡನ ಕಡೆಯವರು ವಾಲಗಕ್ಕೆ ಕುಣಿಯುತ್ತ ಅಡ್ಡ ನಿಂತಿದ್ದಾರೆ. ಅವರು ಒಂದು ಹೆಜ್ಜೆ ಹಿಂದೆ ಸರಿದರೆ ಇವಳು ಒಂದು ಹೆಜ್ಜೆ ಮುಂದೆ. ಹೊಸ ಸೊಸೆಗೆ ತಾಳ್ಮೆ ಎಷ್ಟಿದೆ ಎಂದು ನೋಡುವ ಶಾಸ್ತ್ರ ಅದು.

ತಾಳ್ಮೆಯ ವಿಷಯವನ್ನು ಪೂವಮ್ಮ ಕೇಳಿದ್ದಳು, ಅಷ್ಟೆ. ಪರಿಚಯವಿರಲಿಲ್ಲ.

ಅವ್ವ ತೀರಿಕೊಂಡಾಗ ಇನ್ನೂ ಲಂಗ ಉಡುತ್ತಿದ್ದ ಹುಡುಗಿ, ಅಮ್ಮತ್ತಿಯ ತವರುಮನೆಯನ್ನೂ ಕಾಫಿ ತೋಟವನ್ನೂ ಒಟ್ಟಿಗೆ ಕೈಗೆ ತೆಗೆದುಕೊಂಡಿದ್ದಳು. ತೋಟದ ಲೆಕ್ಕ ಬರೆಯುವ ರೈಟರ್ ಅವಳ ಮಾತು ಕೇಳುತ್ತಿದ್ದ. ಲೈನುಮನೆಗಳ ಆಳುಗಳು ಕೇಳುತ್ತಿದ್ದರು. ಅಪ್ಪ ಬೆಳ್ಯಪ್ಪನಂತೂ ಎರಡು ಸಲ ಹೇಳಿಸಿಕೊಳ್ಳುತ್ತಿರಲಿಲ್ಲ.

“ಮಡಿಕೇರಿಯ ಕಮಿಷನರ್ ಸಾಹೇಬನ ಹತ್ತಿರ ಇವಳನ್ನು ಒಂದು ವಾರ ಬಿಟ್ಟಿದ್ರೆ, ಅವನು ಎಂದೋ ಇಂಗ್ಲೆಂಡಿಗೆ ಹಡಗು ಹತ್ತುತ್ತಿದ್ದ” ಎಂದು ಬೆಳ್ಯಪ್ಪ ಹೇಳುತ್ತಿದ್ದರು. ಮಗಳು ಮನೆಯಲ್ಲಿಲ್ಲದಾಗ.

ಲೋಕದಲ್ಲಿ ಜನ ಎರಡೇ ಬಗೆ ಎಂದು ಪೂವಮ್ಮ ನಂಬಿದ್ದಳು. ಹೇಳುವವರು, ಕೇಳುವವರು. ತಾನು ಯಾವ ಬಗೆ ಎಂಬ ಅನುಮಾನ ಅವಳಿಗೆ ಬಂದದ್ದೇ ಇಲ್ಲ.

ಈಗ ನೋಡಿದರೆ, ಮಾತಿಲ್ಲದೆ ನೀರು ಹೊತ್ತು ನಿಂತಿದ್ದಾಳೆ!

ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಹುರುಪಿನಿಂದ ಕುಣಿಯುತ್ತಿದ್ದವಳು ಬೋಜಮ್ಮ. ಮದುಮಗನ ಅಣ್ಣ ತೀರಿಹೋಗಿದ್ದ. ಅವನ ಹೆಂಡತಿ ಇವಳು. ವಿಧವೆಯೆಂದು ಮೂಲೆ ಹಿಡಿದು ಕೂರುವ ಹೆಂಗಸಲ್ಲ. ಒಂದು ಹೆಜ್ಜೆ ಹಿಂದೆ ಹೋದಂತೆ ಮಾಡಿ ಎರಡು ಹೆಜ್ಜೆ ಮುಂದೆ ಬರುತ್ತಿದ್ದಳು.

ಅಷ್ಟರಲ್ಲಿ ಜಗಲಿಯಿಂದ ಒಂದು ಕೂಗು.

“ಬೋಜಕ್ಕ, ಸಾಕು! ಅವಳ ಕುತ್ತಿಗೆ ಮುರೀತದೆ!”

ಮದುಮಗ ನಾಣಯ್ಯ! ಬಿಳಿ ಕುಪ್ಪಸ ತೊಟ್ಟವನು ಕಂಬ ಹಿಡಿದು ಎದ್ದು ನಿಂತಿದ್ದ.

“ನೀನು ಒಳಗೆ ಹೋಗಿ ಕೂತ್ಕೋ, ಮದುಮಗನೇ!”

“ಹೋಗಲ್ಲ!”

“ಹೋಗದಿದ್ರೆ ಕತ್ತಲೆ ಆಗೋ ತನಕ ಕುಣೀತೇನೆ!”

“ಕುಣೀರಿ! ಕಾಲು ಉಳುಕಿದ್ರೆ ಎಣ್ಣೆ ಹಚ್ಚೋಕೆ ನಾನು ಬರಲ್ಲ!”

ಅಂಗಳಕ್ಕೆ ಅಂಗಳವೇ ನಕ್ಕಿತು. ರೆಪ್ಪೆಯ ಮೇಲೆ ತೊಟ್ಟಿಕ್ಕುತ್ತಿದ್ದ ನೀರಿನ ನಡುವೆ ಪೂವಮ್ಮ ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು. ಕೆರಳಿದ ಕಣ್ಣು, ಕುಣಿಯುವ ಮೀಸೆ.

‘ಇವನ ಜೊತೆ ಜಗಳ ಆಡೋಕೆ ಚೆನ್ನಾಗಿರ್ತದೆ…’

ಆ ಸಂತೋಷದ ಬೆನ್ನಿಗೇ ಇನ್ನೊಂದು ಯೋಚನೆ ಬಂತು.

‘ಆದ್ರೆ ಇವನು ಈಗಲೇ ಬೇರೆಯವಳ ಜೊತೆ ಆಡ್ತಿದ್ದಾನಲ್ಲ!’

*

ಗೋಣಿಕೊಪ್ಪಲಿನ ಹತ್ತಿರದ ಆ ಮನೆಯಲ್ಲಿ ಪೂವಮ್ಮ ಜಗಳಕ್ಕಾಗಿ ಕಾದಳು.

“ಕಣದ ಬದಿಯ ಕೊಟ್ಟಿಗೆಯನ್ನು ಆಚೆ ಹಾಕಿಸ್ಬೇಕು” ಎಂದಳು.

“ಆಯ್ತು” ಎಂದ ನಾಣಯ್ಯ.

“ನಿಮ್ಮ ಬಂದೂಕು ಪಡಸಾಲೆಯಲ್ಲಿ ಬೇಡ, ಒಳಗೆ ಇಡಿ.”

“ಆಯ್ತು.”

“ಭಾನುವಾರ ಬೇಟೆಗೆ ಹೋಗೋದು ಬೇಡ.”

“ಆಯ್ತು, ಪೂವಿ.”

ಮೊದಮೊದಲು ಅವಳಿಗೆ ಹಿತವಾಗಿತ್ತು. ಗದ್ದೆ ನಾಟಿ ಮುಗಿಯುವ ಹೊತ್ತಿಗೆ ಬೇಸರವಾಯಿತು. ಬಂದೂಕಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಆ ‘ಆಯ್ತು’ ಕೇಳಿದರೆ ಮೈ ಉರಿಯತೊಡಗಿತು. ಗೋಡೆಗೆ ಹೇಳಿದರೆ ಕಡೇಪಕ್ಷ ಪ್ರತಿಧ್ವನಿ ಬರುತ್ತದೆ!

ಅದೇ ಮನುಷ್ಯ ಹಿತ್ತಲಿಗೆ ಹೋದರೆ ಬೇರೆಯೇ ಆಗಿಬಿಡುತ್ತಿದ್ದ.

“ಆ ಮೆಣಸು ಇನ್ನೂ ಒಣಗಿಲ್ಲ ಬೋಜಕ್ಕ, ತುಂಬಬೇಡಿ!”

“ನಿನಗೆಂತ ಗೊತ್ತು? ನೀನು ಹುಟ್ಟೋ ಮೊದಲೇ ನಾನು ಮೆಣಸು ಒಣಗಿಸ್ತಿದ್ದೆ.”

“ಅದಕ್ಕೇ ಇರ್ಬೇಕು, ಬಾಯಿ ಇಷ್ಟು ಖಾರ.”

“ಹೋಗೋ ಕೋಣ!”

“ಹೋಗಲ್ಲ! ನನ್ನ ಮೆಣಸು!”

ಅಡುಗೆಮನೆಯ ಕಿಟಕಿಯ ಹಿಂದೆ ಪೂವಮ್ಮ ನಿಂತಿರುತ್ತಿದ್ದಳು. ಕಾವಲಿಯ ಮೇಲಿನ ಅಕ್ಕಿ ರೊಟ್ಟಿ ಸೀದು ಕರಿಯಾಗುತ್ತಿತ್ತು.

‘ಅವಳ ಹತ್ತಿರ ಹೋಗಲ್ಲ, ಬಿಡಲ್ಲ, ಕೊಡಲ್ಲ… ನನ್ನ ಹತ್ತಿರ ಬರೀ ಆಯ್ತು! ನಾನು ಇವನಿಗೆ ಯಾರು, ಊಟಕ್ಕೆ ಬಂದ ನೆಂಟಳಾ?’

ಉರಿಯುವ ಒಲೆಗೆ ಸೌದೆ ಒಟ್ಟಿದವಳು ಚೋಮಿ, ಅಂಗಳ ಗುಡಿಸುವವಳು. ಅವಳಿಗೆ ಯಾವ ದುರುದ್ದೇಶವೂ ಇರಲಿಲ್ಲ. ಬಾಯಿ ಮಾತ್ರ ಇತ್ತು.

“ಬೋಜವ್ವನ್ನೇ ಚಿಕ್ಕ ಯಜಮಾನ್ರಿಗೆ ಕೊಡಬೇಕು ಅಂತ ಹಿರಿಯೋರು ಮಾತಾಡಿದ್ರು ಕಣವ್ವ. ಅಣ್ಣ ಹೋದ್ರೆ ತಮ್ಮ ಕೈ ಹಿಡಿಯೋದು ನಿಮ್ಮಲ್ಲಿ ಇದ್ದದ್ದೇ ಅಲ್ವಾ? ಅದೇನಾಯ್ತೋ, ನಿಂತು ಹೋಯ್ತು.”

ಆ ರಾತ್ರಿ ಪೂವಮ್ಮ ಊಟ ಮಾಡಲಿಲ್ಲ.

“ಊಟ ಬೇಡವಾ?” ಎಂದ ನಾಣಯ್ಯ.

“ಬೇಡ!”

“ಆಯ್ತು.”

ಅವಳಿಗೆ ಚೆಂಬು ಎತ್ತಿ ಎಸೆಯಬೇಕೆನಿಸಿತು.

ಮರುದಿನ ಬೆಳಿಗ್ಗೆ, ಇದಕ್ಕಾದರೂ ಇಲ್ಲ ಎನ್ನುತ್ತಾನೆ ಎಂದುಕೊಂಡು, ಕೊಡವನೊಬ್ಬನಿಗೆ ಯಾವ ಹೆಂಡತಿಯೂ ಹೇಳಬಾರದ ಮಾತೊಂದನ್ನು ಹೇಳಿದಳು.

“ನಿಮ್ಮ ಮೀಸೆ ನನಗೆ ಇಷ್ಟ ಇಲ್ಲ. ತೆಗೆದುಬಿಡಿ.”

ನಾಣಯ್ಯ ಕನ್ನಡಿ ನೋಡಿದ. ಹೆಂಡತಿಯನ್ನು ನೋಡಿದ. ಮೀಸೆಯ ತುದಿಯನ್ನು ಒಮ್ಮೆ ಸವರಿದ.

“ಆಯ್ತು” ಎಂದ.

ಆಮೇಲೆ ಹಿತ್ತಲಲ್ಲಿ ಕೇಳಿಬಂದ ಗದ್ದಲಕ್ಕೆ ಕೋಳಿಗಳೂ ಬೇಲಿ ಹಾರಿದವು.

“ಅಯ್ಯೋ ದೇವರೇ, ಇದೆಂತ ಮುಖ! ಸಿಪ್ಪೆ ಸುಲಿದ ಹಲಸಿನ ಬೇಳೆ ಹಾಗೆ!”

“ನನ್ನ ಮೀಸೆ, ನಾನು ತೆಗೀತೇನೆ! ನಿಮಗೆಂತ?”

“ಹೆಂಡತಿಗೆ ಹೆದರಿ ತೆಗೆದದ್ದು ಅಂತ ಹೇಳೋ!”

“ಹೇಳಲ್ಲ!”

ಕಿಟಕಿಯ ಹಿಂದೆ ಪೂವಮ್ಮನ ಕಣ್ಣು ತುಂಬಿ ಬಂತು.

‘ನನಗೆ ಮೀಸೆಯನ್ನೇ ಕೊಟ್ಟುಬಿಟ್ಟ… ಅವಳಿಗೆ ಒಂದು ಮಾತನ್ನೂ ಬಿಟ್ಟುಕೊಡಲ್ಲ! ಮನುಷ್ಯ ಯಾರ ಹತ್ತಿರ ಹಟ ಮಾಡ್ತಾನೋ ಅವರೇ ಅಲ್ವಾ ಅವನವರು?’

ಇದು ತಪ್ಪು ಲೆಕ್ಕವೆಂದು ಅವಳಿಗೆ ಹೇಳುವವರಿರಲಿಲ್ಲ. ಇದ್ದಿದ್ದರೂ, ಅವಳು ಕೇಳುವವರ ಪೈಕಿ ಅಲ್ಲವಲ್ಲ.

ಹೊಸ ಭತ್ತದ ಹಬ್ಬ ಹುತ್ತರಿ ಮುಗಿದ ಮೇಲೆ ಅವಳು ಪೆಟ್ಟಿಗೆ ಕಟ್ಟಿದಳು. “ಅಪ್ಪನ ತೋಟದಲ್ಲಿ ಕಾಫಿ ಹಣ್ಣಿನ ಪಿಕ್ಕಿಂಗ್ ಶುರುವಾಗಿದೆ. ಹೋಗ್ತೇನೆ. ಯಾವಾಗ ಬರ್ತೇನೆ ಗೊತ್ತಿಲ್ಲ.”

ಹೊಸ್ತಿಲಲ್ಲಿ ತಿರುಗಿ ನಿಂತಳು. ‘ಬೇಡ ಅನ್ನು… ಒಂದೇ ಒಂದು ಸಲ ಬೇಡ ಅನ್ನು…’

“ಆಯ್ತು” ಎಂದ ನಾಣಯ್ಯ. ಗಾಡಿಗೆ ಎತ್ತು ಕಟ್ಟಿಸಿದ.

*

ಅಮ್ಮತ್ತಿಯಲ್ಲಿ ಆ ವರ್ಷದ ಪಿಕ್ಕಿಂಗ್ ನಡೆದ ರೀತಿಯನ್ನು ಹೆಣ್ಣಾಳುಗಳು ಬಹುಕಾಲ ನೆನೆದರು. ಒಂದು ಹಸಿರು ಕಾಯಿ ಬುಟ್ಟಿಯಲ್ಲಿ ಕಂಡರೂ ಪೂವಮ್ಮ ಸಿಡಿಯುತ್ತಿದ್ದಳು. ಮರುಕ್ಷಣ ಗಿಡದ ಮರೆಗೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

‘ಈಗ ಇಬ್ಬರೂ ಜಗಲಿಯಲ್ಲಿ ಕೂತು ಕಾದಾಡ್ತಿರ್ಬೇಕು. ನಗ್ತಿರ್ಬೇಕು…’

“ಮಗಳೇ,” ಎಂದರು ಬೆಳ್ಯಪ್ಪ, ಎರಡು ಮಾರು ದೂರ ನಿಂತೇ, “ಗಂಡನ ಮನೆಯಿಂದ ಯಾರೂ ಕರೆಯೋಕೆ ಬರ್ಲಿಲ್ಲವಾ ಅಂತ…”

“ಬಂದ್ರೂ ಹೋಗಲ್ಲ ನಾನು!”

ಬಂದ. ಒಂದು ಮಧ್ಯಾಹ್ನ, ತೋಟದ ದಾರಿಯಲ್ಲಿ, ಒಬ್ಬನೇ. ಮುಖ ಇಳಿದಿತ್ತು, ಮೇಲ್ದುಟಿಯ ಮೇಲೆ ಮೊಳಕೆಯಂತೆ ನಾಲ್ಕು ಕೂದಲು.

ಪೂವಮ್ಮನ ಕಾಲು ತಾನಾಗಿ ಎರಡು ಹೆಜ್ಜೆ ಮುಂದೆ ಬಂತು. ಬಾಯಿ ಮಾತ್ರ ಹಳೆಯ ಅಭ್ಯಾಸ ಬಿಡಲಿಲ್ಲ.

“ಯಾಕೆ ಬಂದ್ರಿ?”

“ನಿನ್ನನ್ನ… ಕರ್ಕೊಂಡು ಹೋಗೋಕೆ.”

“ನಾನು ಬರಲ್ಲ. ನೀವು ವಾಪಸ್ ಹೋಗಿ.”

ಅವನು ಅವಳನ್ನೇ ನೋಡುತ್ತ ನಿಂತ. ತುಟಿ ಅಲುಗಿತು. ಕೆಂಪು ಹಣ್ಣಿನ ಬುಟ್ಟಿ ಹೊತ್ತ ಹೆಂಗಸರೆಲ್ಲ ಉಸಿರು ಹಿಡಿದರು.

“ಆಯ್ತು” ಎಂದ.

ತಿರುಗಿದ. ನಡೆದ.

ಅವನ ಬೆನ್ನು ನೆರಳಿಗೆ ನೆಟ್ಟ ಬೆಳ್ಳಿಮರಗಳ ನಡುವೆ ಸಣ್ಣದಾಗುತ್ತ ಹೋಯಿತು. ಅವಳು ಹೇಳಿದ್ದು ಹೇಳಿದಂತೆ ನಡೆಯುತ್ತಿತ್ತು. ಅದಕ್ಕಿಂತ ಭಯಂಕರವಾದದ್ದನ್ನು ಅವಳು ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಯಾರ ಹಿಂದೆಯೂ ನಡೆದು ಗೊತ್ತಿಲ್ಲದ ಪೂವಮ್ಮ ಓಡಿದಳು! ಸೆರಗು ಕಾಫಿ ಗಿಡಕ್ಕೆ ಸಿಕ್ಕಿ ಹರಿಯಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಗಲಿ.

“ನಿಲ್ಲಿ! ಹೋಗು ಅಂದ್ರೆ ಹೋಗೋದಾ?”

ನಾಣಯ್ಯ ನಿಂತ. “ನೀನೇ ಅಲ್ವಾ ಹೇಳಿದ್ದು?”

“ಹೇಳಿದ್ರೆ! ಬೋಜಕ್ಕ ಹೇಳಿದ್ರೆ ಹೋಗ್ತಿದ್ರಾ ನೀವು?”

“ಅವರು ಹೇಳಿದ್ರೆ ಯಾಕೆ ಹೋಗ್ತೇನೆ?”

“ನೋಡಿ! ಅದೇ! ಅವಳ ಹತ್ತಿರ ನಿಮಗೆ ಬಾಯಿದೆ, ಸಿಟ್ಟಿದೆ, ನಗು ಇದೆ… ನನಗೆ ಒಂದು ಆಯ್ತು! ಅವಳನ್ನೇ ಮದುವೆ ಆಗ್ಬೇಕಿತ್ತು!”

ನಾಣಯ್ಯ ಬೆಪ್ಪಾಗಿ ನೋಡಿದ. ಆಮೇಲೆ ನಿಧಾನವಾಗಿ, ಕತ್ತಲ ಕೋಣೆಗೆ ದೀಪ ತಂದಂತೆ, ಅವನಿಗೆ ಅರ್ಥವಾಯಿತು.

“ಹಿರಿಯರು ಕೇಳಿದ್ರು, ನಿಜ. ಬೋಜಕ್ಕ ಎಂತ ಹೇಳಿದ್ರು ಗೊತ್ತಾ? ‘ಈ ಕೋಣನ ಜೊತೆ ಒಂದು ಮನೆಯಲ್ಲಿರೋದೇ ಸಾಕಾಗಿದೆ, ಒಂದು ಕೋಣೆ ಬೇರೆ ಯಾಕೆ’ ಅಂತ. ನಾನೂ ಅದನ್ನೇ ಹೇಳಿದ್ದೆ. ನಾವಿಬ್ರೂ ಒಪ್ಪಿದ್ದು ಅದೊಂದೇ ಮಾತು.”

ಪೂವಮ್ಮ ನಗಲಿಲ್ಲ. “ಮತ್ತೆ ನನ್ನ ಹತ್ತಿರ ಯಾಕೆ…”

“ಬೋಜಕ್ಕ ಮುನಿಸಿಕೊಂಡು ಮಾತು ಬಿಟ್ರೆ ನನಗೆ ನೆಮ್ಮದಿ, ಪೂವಿ. ನೀನು ಬಿಟ್ರೆ?” ಅವನ ದನಿ ಒಡೆಯಿತು. “ಇಲ್ಲ ಅಂದ್ರೆ ಪೆಟ್ಟಿಗೆ ಕಟ್ತೀಯ ಅಂತ ಹೆದರಿ ಆಯ್ತು, ಆಯ್ತು ಅಂದೆ. ಆದ್ರೂ ಕಟ್ಟಿದೆಯಲ್ಲ…”

ಕೇಳುವವರ ಬಗೆ ಎಂದು ಅವಳು ತೀರ್ಮಾನಿಸಿದ್ದ ಮನುಷ್ಯ ಬರೀ ಹೆದರಿದ್ದ. ಮತ್ತೆ ತಾನು? ಪೂವಮ್ಮ ಮೊದಲ ಸಲ ತನ್ನೊಳಗೆ ಇಣುಕಿ ನೋಡಿದಳು.

“ನನಗೂ ಹೆದರಿಕೆಯೇ” ಎಂದಳು ಮೆಲ್ಲಗೆ. “ಅವ್ವ ಹೋದ ಮೇಲೆ ನಾನು ಯಾರ ಹತ್ತಿರವೂ ಏನೂ ಕೇಳಿಲ್ಲ. ಹೇಳೋದೇ ಕಲಿತೆ. ಕೇಳಿದ್ರೆ… ಕೊಡಲ್ಲ ಅಂದ್ಬಿಟ್ರೆ?”

“ಈಗ ಕೇಳು.”

ಅವಳ ತಲೆ ತಗ್ಗಿತು.

“ನಾನು… ನಿಮ್ಮ ಜೊತೆ ಬರಲಾ?”

“ಇಲ್ಲ” ಎಂದ ನಾಣಯ್ಯ.

ಪೂವಮ್ಮ ಬೆಚ್ಚಿ ಮುಖ ಎತ್ತಿದಳು. ಅವನ ಕಣ್ಣು ಕೆರಳಿತ್ತು, ನಗುತ್ತಿತ್ತು.

“ಈಗಲೇ ಬೇಡ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇಲ್ಲ. ಮೊದಲು ಊಟ ಹಾಕು, ಆಮೇಲೆ ಹೊರಡು. ಎಂತ ಅಡುಗೆ?”

“ಕುಂಬಳಕಾಯಿ ಸಾರು.”

“ನಾನು ಕುಂಬಳಕಾಯಿ ತಿನ್ನಲ್ಲ.”

“ಎಂತದು? ಮಳೆಗಾಲ ಪೂರ್ತಿ ಅದನ್ನೇ ಹಾಕಿದ್ದೇನಲ್ಲ! ಎರಡೆರಡು ಸಲ ಹಾಕಿಸ್ಕೊಂಡು ತಿಂದ್ರಲ್ಲ!”

“ಹೆದರಿ ತಿಂದದ್ದು.”

ಪೂವಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳು. ಹರಿದ ಸೆರಗಿನಲ್ಲೇ ಮುಖ ಒರೆಸಿಕೊಂಡು ಸೊಂಟಕ್ಕೆ ಕೈಯಿಟ್ಟಳು.

“ಇವತ್ತೂ ತಿನ್ಬೇಕು!”

“ತಿನ್ನಲ್ಲ!”

“ಇನ್ನೊಂದು ಸಲ ಹೇಳಿ.”

“ಎಂತ ಹೇಳ್ಲಿ?”

“ಅದೇ… ತಿನ್ನಲ್ಲ ಅಂತ.”

ನಾಣಯ್ಯ ಹತ್ತಿರ ಬಂದ. ಕಾಫಿ ಹಣ್ಣಿನ ಅಂಟು ಹಿಡಿದಿದ್ದ ಅವಳ ಬೆರಳುಗಳನ್ನು ತನ್ನ ಅಂಗೈಯೊಳಗೆ ತೆಗೆದುಕೊಂಡ.

“ತಿನ್ನಲ್ಲ, ಪೂವಿ” ಎಂದ, ಕಿವಿಯ ಬಳಿ ಬಾಗಿ, ತುಂಬಾ ಮೆತ್ತಗೆ.