ಕೈ ಅಡ್ಡ ಹಿಡಿಯದವನು

ಸ್ಫೂರ್ತಿ ಚಿರಂತನನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ್ದು, ಅವನ ತೋಳಿಗೆ ಕತ್ತರಿ ಹಾಕುವುದೋ ಬೇಡವೋ ಎಂದು ತೀರ್ಮಾನವಾಗುವ ದಿನ. ಪ್ರೇಮಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಶಿರಸಿಯ ಯಾವ ಪುರೋಹಿತರಿಗೂ ಸಿಕ್ಕುತ್ತಿರಲಿಲ್ಲ.

ದನಿಯ ಪರಿಚಯ ಮಾತ್ರ ಹಳೆಯದು.

ಶಿರಸಿಯ ಆಸ್ಪತ್ರೆಯಲ್ಲಿ ಸಕ್ಕರೆ ಕಾಯಿಲೆಗೆ ಹೊಸ ಚಿಕಿತ್ಸೆಯೊಂದರ ಪರೀಕ್ಷೆ ನಡೆದಿತ್ತು. ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಪುಟ್ಟ ಚೀಲದಲ್ಲಿಟ್ಟು ತೋಳಿನ ಚರ್ಮದಡಿ ಕೂರಿಸುವುದು. ಕಾಯಿಲೆ ವಾಸಿಯಾಗುತ್ತದೋ ಎಂಬುದು ಆಮೇಲಿನ ಮಾತು. ಮೊದಲು ಯಾರಿಗೂ ಅಪಾಯವಿಲ್ಲವೆಂದು ಖಾತ್ರಿಯಾಗಬೇಕು. ಅದಕ್ಕೇ ಒಬ್ಬರಾದ ಮೇಲೆ ಒಬ್ಬರಿಗೆ ಹಾಕುತ್ತಿದ್ದರು. ಮಾಗೋಡಿನ ಚಿರಂತನ ಮೂರನೆಯವನು. ಶಾಲೆಗೆ ಹೋಗುವಾಗಿನಿಂದ ಸೂಜಿ ಚುಚ್ಚಿಕೊಳ್ಳುತ್ತಿದ್ದವನಿಗೆ ಆ ಚೀಲವೆಂದರೆ ಜೀವ.

ಸಿದ್ದಾಪುರದ ಸ್ಫೂರ್ತಿಯ ಕೆಲಸ, ಆಸ್ಪತ್ರೆಯ ಪರವಾಗಿ ದಿನಾ ಬೆಳಿಗ್ಗೆ ಅವನಿಗೆ ಫೋನ್ ಮಾಡಿ "ಎಂತಾರೂ ತ್ರಾಸ ಇದ್ದಾ?" ಎಂದು ಕೇಳುವುದು.

"ಎಂತ ಇಲ್ಲೆ," ಎನ್ನುತ್ತಿದ್ದ.

ಜ್ವರ ಬಂದಾಗಲೂ ಅದೇ. ಮರ ಬಿದ್ದು ಸೊಂಟ ಮುರಿದರೂ, ವಿಚಾರಿಸಿದವರಿಗೆ ಬೇಜಾರಾಗದಿರಲಿ ಎಂದು ಹೀಗೆ ಹೇಳುವ ಜನ ನಮ್ಮ ಕಡೆಯವರು.

ಆದರೆ ಹೇಳಿದ ಮೇಲೆ ಅವನು ಫೋನ್ ಇಡುತ್ತಿರಲಿಲ್ಲ. ಅವಳೂ ಇಡುತ್ತಿರಲಿಲ್ಲ...

ಹೀಗಿರುವಾಗ ಒಂದು ಭಾನುವಾರ ಅವನ ಸಕ್ಕರೆ ಏರಿತು. ಅದು ಏರಿದ ರಭಸಕ್ಕೆ ಅರಬೈಲ್ ಘಟ್ಟದ ಲಾರಿಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವಂತೆ. ಕೇಳಿದರೆ ಎಂತ ಇಲ್ಲೆ. ಊಟ ಯಾವಾಗಿನಂತೆಯೇ ಎಂದ.

ದೇಹ ಆ ಕೋಶಗಳ ಮೇಲೆ ತಿರುಗಿಬಿದ್ದಿದೆ ಎಂದು, ಪರೀಕ್ಷೆ ನಡೆಸುತ್ತಿದ್ದ ಡಾಕ್ಟರ್ ವಿನೋದಾ ಹೆದರಿದರು. ಬೇರೆ ಕಾರಣ ಸಿಗದಿದ್ದರೆ ಚೀಲ ಹೊರಗೆ, ನಾಲ್ಕನೆಯವರಿಗೆ ಹಾಕುವುದೂ ಬಂದ್.

ಶಿರಸಿಯ ತಪಾಸಣೆ ಕೋಣೆಯಲ್ಲಿ ತೋಳು ಬಿಚ್ಚಿ ಕುಳಿತವನನ್ನು ಕಂಡು ಸ್ಫೂರ್ತಿಗೆ ಸಿಟ್ಟು ಬಂತು. 'ಇಷ್ಟು ದಿನ ಕೇಳಿದರೂ ನನ್ನ ಮೇಲೆ ಇಷ್ಟೂ ನಂಬಿಕೆ ಇಲ್ಲವಾ...'

"ಸುಳ್ಳು ಹೇಳೂದಾದ್ರೆ ಆ ಚೀಲ ಎಂತಕ್ಕೆ ಹಾಕ್ಸ್ಕಂಡ್ರಿ?"

ಅವನು ಕತ್ತರಿಯನ್ನು ನೋಡಿದ. ಅವಳನ್ನು ನೋಡಿದ. ಕತ್ತರಿಯೇ ವಾಸಿ ಎನಿಸಿತು. ಆದರೂ ಬಾಯಿಬಿಟ್ಟ.

"ಆನು ಹೋಳಿಗೆ ತಿಂದಿ. ಏಳು."

ಎಲ್ಲಿ ಎಂದು ಡಾಕ್ಟರ್ ವಿಚಾರಿಸಿದರು. ಭಾನುವಾರ ಕೋಲಸಿರ್ಸಿಯ ಉಪನಯನದ ಊಟದಲ್ಲಿ ಎಂದ.

ಉಪನಯನ ಎಂದದ್ದೇ ಸ್ಫೂರ್ತಿ ತಟ್ಟನೆ ತಿರುಗಿದಳು. ಅದು ನಡೆದದ್ದು ಅವಳ ದೊಡ್ಡಪ್ಪನ ಮನೆಯಲ್ಲಿ. ಆ ದಿನ ಬಡಿಸುವವರು ಸಾಲದೆ, ಸೆರಗು ಸಿಕ್ಕಿಸಿ ಹೋಳಿಗೆ ಬುಟ್ಟಿ ಹಿಡಿದವಳು ಅವಳೇ. ಬಡಿಸುವವರು ಎಲೆ ನೋಡುತ್ತಾರೆ. ಮುಖ ನೋಡುತ್ತ ನಿಂತರೆ ಪಂಕ್ತಿ ಮುಗಿಯುವಷ್ಟರಲ್ಲಿ ವಟುವಿನ ಮದುವೆಯೇ ಬರುತ್ತದೆ.

ಒಂದು ಎಲೆ ಮಾತ್ರ ನೆನಪಿತ್ತು. ಸಾಕಾದವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಆ ಎಲೆಯವನು ಹಿಡಿದಿರಲಿಲ್ಲ. ಪ್ರತಿ ಸುತ್ತಿಗೂ ಹಾಕಿದ್ದಳು, ತುಪ್ಪದ ಸಮೇತ.

"ಕೈ ಅಡ್ಡ ಹಿಡದ್ದಿಲ್ಲೆ ಎಂತಕ್ಕೆ?" ಅವಳ ದನಿ ಸಣ್ಣದಾಯಿತು.

"ಇನ್ನೊಂದು ಹಾಕ್ಲಾ ಹೇಳಿ ಕೇಳಿದ್ದು, ದಿನಾ ತ್ರಾಸ ಕೇಳೋ ದನಿ... ಕೈ ಅಡ್ಡ ಹಿಡದ್ರೆ ನಿಂಗ ಮುಂದಿನ ಎಲೆಗೆ ಹೋಗ್ತಿದ್ರಿ."

ಡಾಕ್ಟರ್ ವಿನೋದಾ ಧಾರವಾಡದವರು. ಏಳು ಹೋಳಿಗೆಯಷ್ಟು ಪ್ರೇಮ ಅವರ ಓದಿನಲ್ಲಿ ಬಂದಿರಲಿಲ್ಲ. ಬಡಿಸಿದವಳು ತಾನೇ ಎಂದು ಸ್ಫೂರ್ತಿಯೂ ಒಪ್ಪಿಕೊಂಡಳು. ರಕ್ತ ಪರೀಕ್ಷೆ ಮಾಡಿಸಿದರೆ ಕೋಶಗಳು ಕ್ಷೇಮ. ಕತ್ತರಿ ತಟ್ಟೆಗೆ ಮರಳಿತು.

"ನಾಳಿಂದ ಇವರಿಗೆ ನೀವು ಫೋನ್ ಮಾಡಬ್ಯಾಡ್ರಿ," ಎಂದರು ಡಾಕ್ಟರ್. "ಬ್ಯಾರೆಯವರು ಮಾಡ್ತಾರ. ನಿಮಗಾದ್ರ ಇವರು ಖರೇ ಹೇಳೂದಿಲ್ಲ."

ಸ್ಫೂರ್ತಿ ತಲೆಯಾಡಿಸಿದಳು. ಮುಖ ಬಾಡಿದ್ದನ್ನು ಚಿರಂತನನೊಬ್ಬನೇ ನೋಡಿದ.

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಬೇರೊಬ್ಬರು ಫೋನ್ ಮಾಡಿದರು. ಅವನು ಬೆನ್ನುನೋವು, ಎಡಗಾಲಿನ ಆಣಿ, ಹೋದ ಮಳೆಗಾಲದ ಕೆಮ್ಮು ಎಲ್ಲವನ್ನೂ ಹೇಳಿದ. ಅವರು ದಣಿದು ಇಟ್ಟ ಮೇಲೆ ಇನ್ನೊಂದು ಫೋನ್ ಬಂತು.

"ಇದು ಆಸ್ಪತ್ರೆ ಫೋನಲ್ಲ," ಎಂದಳು ಸ್ಫೂರ್ತಿ. "ಎಂತಾರೂ ತ್ರಾಸ ಇದ್ದಾ?"

ಅವನು ತೋಳಿನ ಚೀಲದ ಮೇಲೆ ಕೈಯಿಟ್ಟ.

"ಇದ್ದು... ಈ ದನಿ ಕೇಳದ್ದೆ ಇಪ್ಪಲೆ ಆಗ್ತಿಲ್ಲೆ. ಈ ತ್ರಾಸನ್ನೂ ತೆಗ್ಸವಾ?"

"ಬ್ಯಾಡ," ಎಂದಳು ಅವಳು. "ಅದು ಅಲ್ಲೇ ಇರ್ಲಿ."