ನೂರಕ್ಕೆ ತೊಂಬತ್ತೇಳು

ಹದಿನಾರು ವರ್ಷ ಮದ್ದೂರು, ಮಳವಳ್ಳಿಯ ಹಳ್ಳಿಹಳ್ಳಿ ಸುತ್ತಿ ಜನರ ಕಫ ಹೊತ್ತು ತಂದವನು ರಾಘವೇಂದ್ರ. ಆ ಕಫದ ಮೇಲೆ ಪ್ರಬಂಧ ಬರೆದು ವಿದೇಶ ಸುತ್ತಿದವರು ಡಾಕ್ಟರುಗಳು. ಪ್ರಬಂಧದ ಕೊನೆಯಲ್ಲಿ ಇವನಿಗೊಂದು ಕೃತಜ್ಞತೆ, ಅದೂ ಜೀಪಿನ ಡ್ರೈವರ್ ಹೆಸರಿನ ಕೆಳಗೆ. ಹೊಟ್ಟೆ ಉರಿಯದೆ ಇನ್ನೇನಾದೀತು?

ಆದ್ದರಿಂದ ಕ್ಷಯ ಪತ್ತೆಯ ಹೊಸ ಕಿಟ್ ಮಾಡಿದ ಕಂಪನಿಯವರು, "ನಿಖರತೆ ತೊಂಬತ್ತೈದು ದಾಟಲಿ, ರಾಜ್ಯ ಮುಖ್ಯಸ್ಥರ ಕುರ್ಚಿ ನಿಮ್ಮದೇ" ಎಂದಾಗ ಅವನಿಗೆ ಅದು ಆಮಿಷ ಅನ್ನಿಸಲಿಲ್ಲ. ತಡವಾಗಿ ಬಂದ ನ್ಯಾಯ ಅನ್ನಿಸಿತು.

ಅಧ್ಯಯನ ಸರಳ. ಕೆಮ್ಮುವ ಮುನ್ನೂರು ಮಂದಿಯ ನಾಲಿಗೆಯನ್ನು ಹತ್ತಿಯ ಕಡ್ಡಿಯಿಂದ ಒರೆಸಿ, ಕಿಟ್ ಅರ್ಧ ಗಂಟೆಯಲ್ಲಿ ಹೇಳಿದ್ದನ್ನು ರಾಘವೇಂದ್ರ ರಿಜಿಸ್ಟರಿನಲ್ಲಿ ಬರೆಯಬೇಕು. ಅದೇ ಜನರ ಕಫವನ್ನು ಮಂಡ್ಯದ ಲ್ಯಾಬಿನಲ್ಲಿ ಆರು ವಾರ ಇಟ್ಟು, ರೋಗಾಣು ಬೆಳೆಯುತ್ತದೆಯೇ ನೋಡಿ, ನಿಜವಾದ ಉತ್ತರ ತೆಗೆಯುತ್ತಾರೆ. ಕೊನೆಗೆ ಅಧ್ಯಯನದ ಮುಖ್ಯಸ್ಥೆ ಡಾಕ್ಟರ್ ಆಶ್ರಿತಾ ಎರಡನ್ನೂ ತಾಳೆ ನೋಡುತ್ತಾರೆ. ಅಲ್ಲಿಯವರೆಗೆ ಲ್ಯಾಬಿನ ಉತ್ತರ ಇವನ ಕಣ್ಣಿಗೆ ಬೀಳಬಾರದು.

ಬೀಳಬಾರದ್ದನ್ನು ಬೀಳಿಸಿಕೊಳ್ಳುವುದು ಕಷ್ಟವೇನಲ್ಲ. ಆರು ವಾರ ಮುಗಿಯುತ್ತಲೇ ಲ್ಯಾಬಿನ ಟೈಪಿಸ್ಟ್ ವೇದವತಿಗೆ ಫೋನ್ ಮಾಡಿದ. "ಪಾಪದ ಜನ ಮೇಡಂ, ಫಲಿತಾಂಶ ಬೇಗ ಸಿಕ್ಕಿದ್ರೆ ಮಾತ್ರೆ ಬೇಗ ಶುರು ಮಾಡಿಸ್ತೀನಿ." ವೇದವತಿಯ ಕರುಳು ಚುರ್ರೆಂದಿತು. ಸಂಜೆಯೊಳಗೆ ಪಟ್ಟಿ ಅವನ ಮೊಬೈಲಿಗೆ ಬಂತು. ಇನ್ನು ಈ ವಿಷಯಕ್ಕೆ ಫೋನ್ ಮಾಡಬೇಡಿ ಎಂದು ತಾಕೀತು ಮಾಡಿದ.

ತನ್ನ ರಿಜಿಸ್ಟರಿನೊಂದಿಗೆ ತಾಳೆ ನೋಡಿದ. ಮೊದಲ ನಲವತ್ತು ಜನರವರೆಗೆ ಸರಿಯಾಗಿ ಹೇಳಿದ್ದ ಕಿಟ್, ಆಮೇಲೆ ಬಾಯಿಗೆ ಬಂದಂತೆ ಹೇಳಿತ್ತು. ಮಾರಾಟಕ್ಕಿಟ್ಟ ಹೊಸ ಸಾಮಾನೆಲ್ಲ ಹಾಗೆಯೇ ಅಲ್ಲವೇ ಎಂದುಕೊಂಡ. ಕೊಕ್ಕರೆ ಬೆಳ್ಳೂರಿನ ಹೊಂಬಾಳಮ್ಮನಿಗೆ ಕ್ಷಯ ಇದೆ ಎಂದಿತ್ತು ಕಿಟ್. ಇಲ್ಲ ಎಂದಿತು ಪಟ್ಟಿ. ಅಷ್ಟರಲ್ಲಿ ಅವಳದೇ ಫೋನು.

"ನಿಮಗೇನೂ ಇಲ್ಲಮ್ಮ," ಎಂದ.

"ಅಂಗಾದ್ರೆ ಈ ಕೆಮ್ಮು ಯಾಕಪ್ಪ ಬುಡಾಕಿಲ್ಲ? ಸಂಜೆಯಾದ್ರೆ ಜ್ವರ ಬತ್ತದೆ ಕಣಪ್ಪ."

"ಬಿಸಿನೀರು ಕುಡೀರಿ."

ಮೂರು ದಿನ ಕೂತು ಹೊಸ ರಿಜಿಸ್ಟರ್ ಬರೆದ. ನಾಲ್ಕು ಬಗೆಯ ಪೆನ್ನು, ಅಲ್ಲಲ್ಲಿ ಕಾಫಿ ಕಲೆ. ನೂರಕ್ಕೆ ನೂರು ಬಂದರೆ ಯಾರಾದರೂ ಅನುಮಾನ ಪಟ್ಟಾರು ಎಂದು ಒಂಬತ್ತು ಕಡೆ ಬೇಕೆಂದೇ ತಪ್ಪು ಬರೆದ. ನೂರಕ್ಕೆ ತೊಂಬತ್ತೇಳು! ಹಳೆಯ ರಿಜಿಸ್ಟರನ್ನು ಬಚ್ಚಲೊಲೆಗೆ ಹಾಕಿ, ಆ ಬಿಸಿನೀರಿನಲ್ಲೇ ಹಾಯಾಗಿ ಸ್ನಾನ ಮಾಡಿದ.

ತಿಂಗಳಾದ ಮೇಲೆ ಮಂಡ್ಯದಲ್ಲಿ ಸಭೆ. ವೇದವತಿ ತಲೆ ತಗ್ಗಿಸಿ ಕೂತಿದ್ದರು. "ಕ್ಷಮಿಸಿ ಸಾರ್, ನಿಮ್ಗೆ ಕಳಿಸಿದ ಪಟ್ಟೀಲಿ ಅವಸರಕ್ಕೆ ನಲವತ್ತೊಂದನೆಯವರ ಫಲಿತಾಂಶ ಬಿಟ್ಟುಹೋಗಿತ್ತು. ಅಲ್ಲಿಂದ ಕೆಳಗೆ ಒಬ್ಬರದು ಇನ್ನೊಬ್ಬರ ಹೆಸರಿನ ಮುಂದೆ ಬಂದುಬಿಟ್ಟಿತ್ತು. ಮಾರನೇ ದಿನ ಸರಿಪಡಿಸಿ ಡಾಕ್ಟರಿಗೆ ಕೊಟ್ಟೆ. ಮತ್ತೆ ಫೋನ್ ಮಾಡ್ಬೇಡಿ ಅಂದಿದ್ರಲ್ಲ, ಅದಕ್ಕೆ ನಿಮ್ಗೆ ಹೇಳ್ಲಿಲ್ಲ." ಆಶ್ರಿತಾ ಎರಡೂ ಪಟ್ಟಿಗಳನ್ನು, ಅವನು ಕೊಟ್ಟಿದ್ದ ಹೊಸ ರಿಜಿಸ್ಟರನ್ನೂ ಅವನ ಮುಂದೆ ಸರಿಸಿದರು. ರಿಜಿಸ್ಟರ್ ತಾಳೆಯಾಗುತ್ತಿದ್ದದ್ದು ತಪ್ಪು ಪಟ್ಟಿಯ ಜೊತೆ. "ನಿಮ್ಮ ಕಿಟ್ ಇವರ ಟೈಪಿಂಗ್ ತಪ್ಪನ್ನೂ ಪತ್ತೆಹಚ್ಚಿದೆ, ರಾಘವೇಂದ್ರ. ನಲವತ್ತೆರಡನೇ ನಂಬರಿನ ಹೊಂಬಾಳಮ್ಮನಿಗೆ ಕ್ಷಯ ಇದೆ. ನಾನೇ ಮಾತ್ರೆ ಶುರು ಮಾಡಿಸಿದೆ." ರಾಘವೇಂದ್ರ ಸರಿಯಾದ ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿಳಿಸುತ್ತ ಹೋದ. ಇದೆ, ಇಲ್ಲ, ಇಲ್ಲ, ಇದೆ. ಸುಟ್ಟ ರಿಜಿಸ್ಟರಿನಲ್ಲಿ ಕಿಟ್ ಹೇಳಿದ್ದೂ ಇದನ್ನೇ. ಅವನು ಏನೂ ಮಾಡದೆ ಸುಮ್ಮನೆ ಕೂತಿದ್ದರೆ ಸಾಕಿತ್ತು, ಆ ಕುರ್ಚಿ ಅವನದೇ ಆಗುತ್ತಿತ್ತು.